ಸಾಕ್ಷಿಯ ನುಡಿಯಲ್ಲಿ ತಪ್ಪೂ ಸುಳ್ಳೂ

ವಾಚಕ ಬಂಧುಗಳೆ, ವಿಷಯವನ್ನು ಪ್ರವೇಶಿಸುವ ಮುನ್ನ ತಮ್ಮಲ್ಲಿ ಒಂದು ವಿನಂತಿ. ಎರಡು ತಿಂಗಳ ಹಿಂದೆ ತಮ್ಮ ಮನೆಯ ಬಾಗಿಲಿಗೆ ಒಬ್ಬ ವ್ಯಾಪಾರಿ ಬಂದು ಕಂಬಳಿಯನ್ನೋ ಪಾತ್ರೆಯನ್ನೋ ಮಾರಿ ಹೋದನೆಂದು ಇಟ್ಟುಕೊಳ್ಳಿ. ಅವನ ಮುಖ ತಮಗೆ ನೆನಪಿದೆ. ಅವನಾಡಿದ ಮಾತು ನೆನಪಿದೆ. ಚೌಕಾಸಿ ಮಾಡಿ ಕೊಟ್ಟ ಬೆಲೆಯೂ ನೆನಪಿದೆ. ಆದರೆ ಅವನು ಬಂದದ್ದು ತಿಂಗಳ ಎಷ್ಟನೆಯ ತಾರೀಖು? ಸೋಮವಾರವೆ, ಗುರುವಾರವೆ? ನಮ್ಮಲ್ಲಿ ಬಹುಮಂದಿ ಇದಕ್ಕೆ ಒಡನೆ ಉತ್ತರ ಕೊಡಲಾರೆವು. "ಜಾತ್ರೆ ಮುಗಿದು ನಾಲ್ಕಾರು ದಿನವಾಗಿತ್ತು", "ಅಮಾವಾಸ್ಯೆಯ ಮುಂಚೆಯೇ ಇರಬೇಕು" ಎಂದು ಒಂದು ಗುರುತಿನಿಂದ ಇನ್ನೊಂದು ಗುರುತಿಗೆ ತಡವರಿಸುತ್ತ ಹೋಗುತ್ತೇವೆ. ಮನೆಯ ಜಗಲಿಯ ಮೇಲೆ ಕುಳಿತಾಗ ಈ ತಡವರಿಕೆಯಿಂದ ಯಾರಿಗೂ ಹಾನಿಯಿಲ್ಲ. ಆದರೆ ಆ ವ್ಯಾಪಾರಿಯ ಮೇಲೆ ಬೇರೆಲ್ಲಿಯೋ ಕಳವಿನ ಆರೋಪ ಬಂದು, ಅವನು ಆ ದಿನ ತಮ್ಮ ಊರಿನಲ್ಲಿದ್ದನೋ ಇಲ್ಲವೋ ಎಂಬುದರ ಮೇಲೆಯೇ ಅವನ ಬಿಡುಗಡೆ ನಿಂತಿದ್ದರೆ? ಆಗ ತಾವು ಸಾಕ್ಷಿಕಟ್ಟೆಯಲ್ಲಿ ನಿಂತು ಆಡುವ ಒಂದು ಅಂಕಿಯೇ ಒಬ್ಬ ಮನುಷ್ಯನ ಬಾಳಿನ ತೂಕವನ್ನು ಹೊರಬೇಕಾಗುತ್ತದೆ.

ಇಲ್ಲಿ ಏಳುವ ಪ್ರಶ್ನೆ ಕಾನೂನಿನದು ಮಾತ್ರವಲ್ಲ, ನೀತಿಯದು. ಪ್ರಮಾಣ ಮಾಡಿ ನುಡಿದ ಸಾಕ್ಷಿಯು ದಿನವನ್ನು ತಪ್ಪಾಗಿ ಹೇಳಿದರೆ ಅವನು ಸುಳ್ಳುಗಾರನೆ? ಸರಿಯಾಗಿ ಹೇಳಿದರೆ ಅಷ್ಟರಿಂದಲೇ ಅವನು ಸತ್ಯವಂತನೆ? ಮೊದಲನೆಯ ಪ್ರಶ್ನೆಗೆ "ಅಲ್ಲ" ಎನ್ನಲು ನಮಗೆ ಹೆಚ್ಚು ಹೊತ್ತು ಬೇಕಾಗಲಾರದು. ಎರಡನೆಯದಕ್ಕೂ "ಅಲ್ಲ" ಎಂದೇ ಹೇಳಬೇಕಾಗುತ್ತದೆ ಎಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ. ಅದಕ್ಕಾಗಿ ಇಂಗ್ಲೆಂಡಿನ ಒಂದು ಹಳೆಯ ಮೊಕದ್ದಮೆಯನ್ನು ತಮ್ಮ ಮುಂದಿಡುತ್ತೇನೆ. ತಾರೀಖುಗಳ ಗೊಂದಲದಿಂದ ಒಬ್ಬ ವೃದ್ಧೆ ನೇಣಿನ ಹಗ್ಗದವರೆಗೆ ಹೋಗಿ ಮರಳಿದ ಕಥೆಯದು.

ಮೊದಲು ಆ ಕಾಲದ ಒಂದು ವಿಶೇಷವನ್ನು ತಿಳಿಯಬೇಕು. ಇಂಗ್ಲೆಂಡು ಅನೇಕ ಶತಮಾನಗಳಿಂದ ಬಳಸುತ್ತಿದ್ದ ಜೂಲಿಯನ್ ಕಾಲಗಣನೆಯನ್ನು 1752ರಲ್ಲಿ ಕೈಬಿಟ್ಟು, ಯುರೋಪಿನ ಹಲವು ದೇಶಗಳಲ್ಲಿ ಆಗಲೇ ರೂಢಿಗೆ ಬಂದಿದ್ದ ಗ್ರೆಗೋರಿಯನ್ ಕಾಲಗಣನೆಯನ್ನು ಸ್ವೀಕರಿಸಿತು. ಆ ವರ್ಷ ಸೆಪ್ಟೆಂಬರ್ 2ನೆಯ ತಾರೀಖಿನ ಮರುದಿನವನ್ನು ಸೆಪ್ಟೆಂಬರ್ 14 ಎಂದು ಎಣಿಸಲಾಯಿತು. ನಡುವಣ 11 ತಾರೀಖುಗಳು ಲೆಕ್ಕದಿಂದಲೇ ಮಾಯವಾದವು. ಸರ್ಕಾರದ ಕಾಗದಗಳಲ್ಲಿ ಈ ಬದಲಾವಣೆ ಒಂದು ರಾತ್ರಿಯಲ್ಲಿ ಮುಗಿಯಿತು. ಜನರ ಮನಸ್ಸಿನಲ್ಲಿ ಮುಗಿಯಲಿಲ್ಲ. ಹಳ್ಳಿಯ ರೈತನೂ ಊರೂರು ಅಲೆಯುವ ವ್ಯಾಪಾರಿಯೂ ದಿನಗಳನ್ನು ಹಬ್ಬಹರಿದಿನಗಳ ಗುರುತಿನಿಂದ ಎಣಿಸುವವರು. ಅವರಿಗೆ ಈಗ ಎರಡು ಕ್ರಿಸ್‌ಮಸ್‌ಗಳಾದವು. ಹೊಸ ಲೆಕ್ಕದ ಕ್ರಿಸ್‌ಮಸ್ 1752ರ ಡಿಸೆಂಬರ್ 25ಕ್ಕೆ. ಹಳೆಯ ಲೆಕ್ಕದ ಕ್ರಿಸ್‌ಮಸ್ ಹೊಸ ಲೆಕ್ಕದ 1753ರ ಜನವರಿ 5ಕ್ಕೆ. ನಾವು ನೋಡಲಿರುವ ಮೊಕದ್ದಮೆಯು ಈ ಬದಲಾವಣೆಯ ನಂತರ ಬಂದ ಮೊಟ್ಟಮೊದಲ ಚಳಿಗಾಲದ ಘಟನೆಗಳನ್ನು ಕುರಿತದ್ದು.

1753ರ ಜನವರಿ 1ರಂದು ಲಂಡನ್ನಿನಲ್ಲಿ ಎಲಿಜಬೆತ್ ಕ್ಯಾನಿಂಗ್ ಎಂಬ 18 ವರ್ಷದ ಮನೆಗೆಲಸದ ಹುಡುಗಿ ಬಂಧುಗಳ ಮನೆಗೆ ಹೋಗಿ ಹಿಂದಿರುಗುವಾಗ ಕಾಣೆಯಾದಳು. ಜನವರಿ 29ರ ರಾತ್ರಿ ಹರಕು ಬಟ್ಟೆಯಲ್ಲಿ, ಎಲುಬು ಕಾಣುವಷ್ಟು ಕೃಶಳಾಗಿ ತಾಯಿಯ ಮನೆಯ ಬಾಗಿಲಿಗೆ ಬಂದಳು. ಇಬ್ಬರು ಗಂಡಸರು ತನ್ನನ್ನು ಹಿಡಿದು ದೂರದ ಒಂದು ಮನೆಗೆ ಎಳೆದೊಯ್ದರೆಂದೂ, ಅಲ್ಲಿ ಒಬ್ಬ ಮುದುಕಿ ತನ್ನನ್ನು ಕೆಟ್ಟ ದಾರಿಗೆ ಕರೆದಳೆಂದೂ, ಒಪ್ಪದಿದ್ದಾಗ ತನ್ನ ಬಿಗಿಯಾದ ಒಳರವಿಕೆಯ ದಾರವನ್ನು ಚಾಕುವಿನಿಂದ ಕತ್ತರಿಸಿ ಅದನ್ನು ಕಿತ್ತುಕೊಂಡಳೆಂದೂ, ಬಳಿಕ ಅಟ್ಟದಲ್ಲಿ ಕೂಡಿಹಾಕಿದ ತಾನು ಒಣ ರೊಟ್ಟಿಯ ಚೂರುಗಳನ್ನು ತಿಂದು, ಒಂದು ಹೂಜಿಯ ನೀರನ್ನು ಕುಡಿದು ಇಷ್ಟು ದಿನ ಬದುಕಿದೆನೆಂದೂ ಹೇಳಿದಳು. ಫೆಬ್ರವರಿ 1ರಂದು ನೆರೆಹೊರೆಯವರು ಅವಳನ್ನು ಲಂಡನ್ನಿನ ಉತ್ತರಕ್ಕಿರುವ ಎನ್‌ಫೀಲ್ಡ್ ವಾಷ್ ಎಂಬಲ್ಲಿಗೆ, ಸುಸಾನಾ ವೆಲ್ಸ್ ಎಂಬಾಕೆಯ ಮನೆಗೆ ಕರೆದೊಯ್ದರು. ಅಲ್ಲಿ ಅಗ್ಗಿಷ್ಟಿಕೆಯ ಬಳಿ ಕುಳಿತಿದ್ದ ಮೇರಿ ಸ್ಕ್ವೈರ್ಸ್ ಎಂಬ ಜಿಪ್ಸಿ ವೃದ್ಧೆಯನ್ನು ಹುಡುಗಿ ಗುರುತಿಸಿದಳು. ಆ ದಿನ ತಾನು ನೂರು ಮೈಲಿಗೂ ಹೆಚ್ಚು ದೂರದಲ್ಲಿದ್ದೆನೆಂದು ಮುದುಕಿ ಕೂಗಿಕೊಂಡಳು. ಯಾರೂ ಕಿವಿಗೊಡಲಿಲ್ಲ.

ಕಳವಾದ ವಸ್ತುವಿನ ಬೆಲೆ ಹತ್ತು ಷಿಲಿಂಗು. ಆದರೆ ಬೆದರಿಸಿ ಕಿತ್ತುಕೊಂಡ ಕಳವಿಗೆ ಅಂದಿನ ಕಾನೂನು ವಿಧಿಸುತ್ತಿದ್ದುದು ಮರಣದಂಡನೆ. ಅದೇ ಫೆಬ್ರವರಿಯಲ್ಲಿ ಓಲ್ಡ್ ಬೇಲಿ ನ್ಯಾಯಾಲಯದಲ್ಲಿ ವಿಚಾರಣೆ ನಡೆಯಿತು. ನ್ಯಾಯಾಲಯದ ಹೊರಗೆ ಹುಡುಗಿಯ ಪಕ್ಷದ ಜನಸ್ತೋಮ ನೆರೆದು, ಪ್ರತಿಪಕ್ಷದ ಸಾಕ್ಷಿಗಳನ್ನು ಒಳಗೆ ಬಿಡದೆ ಹಿಂದಟ್ಟಿತು. ಹೇಗೋ ಒಳಸೇರಿದವರು ಮೂವರು. ಅವರಲ್ಲಿ ಡಾರ್ಸೆಟ್ ಪ್ರಾಂತದ ಆಬಟ್ಸ್‌ಬರಿ ಎಂಬ ಊರಿನಲ್ಲಿ ಪ್ರಯಾಣಿಕರಿಗೆ ತಂಗುದಾಣ ನಡೆಸುತ್ತಿದ್ದ ಜಾನ್ ಗಿಬ್ಬನ್ಸ್ ಎಂಬಾತ, ಸ್ಕ್ವೈರ್ಸಳು ಜನವರಿ 1ರಿಂದ 9ರವರೆಗೆ ತನ್ನ ಮನೆಯಲ್ಲಿದ್ದಳೆಂದು ನುಡಿದ. ದಿನವನ್ನು ಹೇಗೆ ಬಲ್ಲೆ ಎಂದು ಕೇಳಲಾಗಿ, ಊರಿನ ಸುಂಕದ ಅಧಿಕಾರಿಗೆ ಕಾಯಿಲೆಯಾಗಿ ಅವನ ಬದಲಿಗೆ ಇನ್ನೊಬ್ಬನು ಬಂದ ದಿನವನ್ನು ತಾನು ಬರೆದಿಟ್ಟುಕೊಂಡಿದ್ದೆನೆಂದು ಉತ್ತರಿಸಿದ. ಸಾಲ್ಸ್‌ಬರಿ ನಗರದ ಸಮೀಪದ ಕೂಮ್ ಎಂಬ ಊರಿನ ಗ್ರೆವಿಲ್ ಎಂಬಾತ, ಅವಳು ಜನವರಿ 14ರಂದು ತನ್ನ ಮನೆಯಲ್ಲಿದ್ದಳೆಂದ. ಆದರೆ ಈ ಸಾಕ್ಷ್ಯವನ್ನು ಜ್ಯೂರಿಯು ನಂಬಲಿಲ್ಲ. ಮೇರಿ ಸ್ಕ್ವೈರ್ಸಳು ದೋಷಿಯೆಂದು ತೀರ್ಮಾನವಾಯಿತು.

ಈಗ ಬಂಧುಗಳೆ, ಈ ಕಥೆಯ ಮರ್ಮಸ್ಥಾನಕ್ಕೆ ಬರೋಣ. ಶಿಕ್ಷೆ ವಿಧಿಸುವ ಮುನ್ನ, ಹೇಳುವುದೇನಾದರೂ ಉಂಟೆ ಎಂದು ನ್ಯಾಯಾಲಯವು ಕೇಳಿದಾಗ ಆ ವೃದ್ಧೆಯು ತನ್ನ ಪ್ರಯಾಣದ ವಿವರವನ್ನು ದಿನದ ಮೇಲೆ ದಿನ ಒಪ್ಪಿಸಿದಳು. ಹೊಸವರ್ಷದ ದಿನ ತಾನು ಕೂಮ್‌ನಲ್ಲಿ ಗ್ರೆವಿಲ್ ಅವರ ಮನೆಯಲ್ಲಿ ತಂಗಿದ್ದೆನೆಂದು ಮೊದಲುಮಾಡಿ, ಅಲ್ಲಿಂದ ಲಂಡನ್ ದಿಕ್ಕಿಗೆ ಬಂದ ದಾರಿಯನ್ನು ಹೇಳಿದಳು. ಆ ಮಾತು ಕೇಳಿದವರಿಗೆ ಆಕೆಯ ಅಪರಾಧವೇ ಸಿದ್ಧವಾದಂತೆ ತೋರಿರಬೇಕು. ಏಕೆಂದರೆ ಅವಳ ಸಾಕ್ಷಿಗಳು ಹೊಸವರ್ಷದ ದಿನ ಅವಳನ್ನು ಆಬಟ್ಸ್‌ಬರಿಯಲ್ಲಿ ಇರಿಸಿದ್ದರು. ಕೂಮ್‌ಗೆ ಅವಳು ಬಂದದ್ದು ಹದಿನಾಲ್ಕರಂದು ಎಂದಿದ್ದರು. ಈಗ ಅವಳೇ ತನ್ನ ಬಾಯಿಂದ ತನ್ನ ಸಾಕ್ಷಿಗಳನ್ನು ಸುಳ್ಳುಮಾಡಿದಳು!

ಆದರೆ ಆಕೆಯ ಹೊಸವರ್ಷ ಯಾವುದು? ಹಳೆಯ ಲೆಕ್ಕದ ಜನವರಿ 1 ಎಂದರೆ ಹೊಸ ಲೆಕ್ಕದ ಜನವರಿ 12. ಊರಿಂದೂರಿಗೆ ಬಟ್ಟೆಬರೆ ಮಾರುತ್ತ ಅಲೆಯುವ ಆ ಮುದುಕಿ, ಕೆಲವೇ ತಿಂಗಳ ಹಿಂದೆ ಬದಲಾದ ಲೆಕ್ಕವನ್ನು ಬಿಟ್ಟು ತನ್ನ ಹುಟ್ಟುಲೆಕ್ಕದಲ್ಲಿ ಮಾತನಾಡಿದ್ದರೆ, ಅವಳ ಮಾತಿಗೂ ಗ್ರೆವಿಲ್‌ನ ಮಾತಿಗೂ ಉಳಿಯುವ ಅಂತರ ಎರಡೇ ದಿನ. ಜನವರಿ 9ರವರೆಗೆ ಆಬಟ್ಸ್‌ಬರಿಯಲ್ಲಿದ್ದಳೆಂಬ ಗಿಬ್ಬನ್ಸನ ಮಾತಿಗೂ ಅದು ವಿರುದ್ಧವಲ್ಲ. ಹನ್ನೊಂದು ದಿನಗಳ ಆ ಕಂದಕವನ್ನು ತೋಡಿದವಳು ಅವಳಲ್ಲ; ರಾಜ್ಯದ ಶಾಸನವೇ ತೋಡಿದ ಕಂದಕವದು. ಅದರಲ್ಲಿ ಬಿದ್ದವಳು ಮಾತ್ರ ಅವಳು. ಆಕೆಗೆ ಮರಣದಂಡನೆಯಾಯಿತು. ಸುಸಾನಾ ವೆಲ್ಸಳ ಕೈಗೆ ಬರೆ ಹಾಕಿ ಆರು ತಿಂಗಳ ಸೆರೆಮನೆ ವಿಧಿಸಲಾಯಿತು.

ಲಂಡನ್ ನಗರದ ಲಾರ್ಡ್ ಮೇಯರ್ ಆಗಿದ್ದ ಸರ್ ಕ್ರಿಸ್ಪ್ ಗ್ಯಾಸ್ಕೊಯ್ನ್ ಆ ನ್ಯಾಯಪೀಠದಲ್ಲಿ ಕುಳಿತಿದ್ದವನು. ತೀರ್ಪಿನಿಂದ ಅವನ ಮನಸ್ಸಿಗೆ ಸಮಾಧಾನವಾಗಲಿಲ್ಲ. ಕೆಲಸ ಮುಗಿಯಿತೆಂದು ಕೈತೊಳೆದುಕೊಳ್ಳದೆ ಅವನು ಡಾರ್ಸೆಟ್‌ಗೆ ಪತ್ರ ಬರೆದು ವಿಚಾರಿಸಿದ. ಆಬಟ್ಸ್‌ಬರಿಯ ಪಾದ್ರಿಯಿಂದ ಮೊದಲ್ಗೊಂಡು ಅಲ್ಲಿನ ಜನರು ಮುದುಕಿಯ ಮಾತನ್ನು ಸಮರ್ಥಿಸಿದರು. ಹುಡುಗಿಯ ಪರವಾಗಿ ಸಾಕ್ಷಿ ನುಡಿದಿದ್ದ ವರ್ಚ್ಯೂ ಹಾಲ್ ಎಂಬಾಕೆ ತಾನು ಹೇಳಿದ್ದು ಸುಳ್ಳೆಂದು ಒಪ್ಪಿಕೊಂಡಳು. ಎರಡನೆಯ ಜಾರ್ಜ್ ದೊರೆ 1753ರಲ್ಲಿಯೇ ಸ್ಕ್ವೈರ್ಸಳಿಗೆ ಕ್ಷಮಾದಾನ ಮಾಡಿದನು. ಗ್ಯಾಸ್ಕೊಯ್ನನಿಗೆ ಇದರಿಂದ ದೊರೆತದ್ದು ಜನರ ಕೋಪ. ಇತ್ತ ಸತ್ಯ ನುಡಿದ ಆ ಮೂವರು ಹಳ್ಳಿಗರ ಮೇಲೆಯೇ ಸುಳ್ಳುಸಾಕ್ಷಿಯ ಮೊಕದ್ದಮೆ ಹೂಡಲಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಅವರ ವಿರುದ್ಧ ಸಾಕ್ಷ್ಯವೇ ಬಾರದೆ, ಅವರು ಬಿಡುಗಡೆ ಹೊಂದಿದರು.

1754ರಲ್ಲಿ ಚಕ್ರ ತಿರುಗಿತು. ಎಲಿಜಬೆತ್ ಕ್ಯಾನಿಂಗಳೇ ಸುಳ್ಳುಸಾಕ್ಷಿಯ ಆಪಾದನೆಯ ಮೇಲೆ ಕಟಕಟೆಯಲ್ಲಿ ನಿಂತಳು. ಮುದುಕಿಯನ್ನು ಆ ದಿನಗಳಲ್ಲಿ ಡಾರ್ಸೆಟ್ ಮತ್ತು ಅಲ್ಲಿಂದ ಬರುವ ದಾರಿಯಲ್ಲಿ ಕಂಡೆವೆಂದು ಮೂವತ್ತಕ್ಕೂ ಹೆಚ್ಚು ಜನ ಪ್ರಮಾಣ ಮಾಡಿದರು. ಅದೇ ಮುದುಕಿಯನ್ನು ಅದೇ ದಿನಗಳ ಆಸುಪಾಸಿನಲ್ಲಿ ಎನ್‌ಫೀಲ್ಡ್‌ನಲ್ಲಿ ಕಂಡೆವೆಂದು ಇಪ್ಪತ್ತಕ್ಕೂ ಹೆಚ್ಚು ಜನ ಪ್ರಮಾಣ ಮಾಡಿದರು. ಒಬ್ಬಳೇ ಎರಡು ಕಡೆ ಇರುವುದು ಅಸಾಧ್ಯ. ಹಾಗಾದರೆ ಒಂದು ಪಕ್ಷದವರೆಲ್ಲ ದುಷ್ಟರೆ? ಹಾಗೆನ್ನಬೇಕಾಗಿಲ್ಲ. ಸ್ಕ್ವೈರ್ಸಳು ಜನವರಿಯ ಕೊನೆಯ ವಾರದಲ್ಲಿ ಎನ್‌ಫೀಲ್ಡ್‌ಗೆ ಬಂದು ಸೇರಿದ್ದು ನಿಜ; ಅವಳನ್ನು ಜನ ಅಲ್ಲಿ ಕಂಡದ್ದೂ ನಿಜ. ಹೊಸ ಲೆಕ್ಕದ ಜನವರಿ 24 ಹಳೆಯ ಲೆಕ್ಕದಲ್ಲಿ ಜನವರಿ 13. ಒಂದು ವರ್ಷ ಕಳೆದ ಮೇಲೆ, ಹಳೆಯ ಕ್ರಿಸ್‌ಮಸ್ಸಿನಿಂದ ಎಣಿಸುವವನೊಬ್ಬ ಅವಳನ್ನು ಕಂಡ ದಿನವನ್ನು ಹಿಂದೆ ಹಿಂದೆ ತಳ್ಳಿಕೊಂಡು ಹೋದರೆ ಆಶ್ಚರ್ಯವಿಲ್ಲ. ಕಣ್ಣು ಕಂಡದ್ದು ಸರಿ, ಲೆಕ್ಕ ತಪ್ಪು. ಪ್ರಶ್ನೆ ಕೇಳಿದವರು ಕೇಳಿದ್ದಾದರೋ ಲೆಕ್ಕವನ್ನೇ.

ಹುಡುಗಿಯ ವಿಷಯದಲ್ಲಿಯೂ ಒಂದು ದಿನದ ಪ್ರಶ್ನೆಯೇ ಮುಂದೆ ಬಂದಿತು. ಹೂಜಿಯ ನೀರು ಮುಗಿದದ್ದು ಯಾವ ದಿನ ಎಂಬಲ್ಲಿ ಅವಳ ಹೇಳಿಕೆಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಜ್ಯೂರಿಯವರು ಮೊದಲು ಕೊಟ್ಟ ತೀರ್ಮಾನ ಬಹು ವಿಚಿತ್ರವಾದುದು: ಅವಳು ಸುಳ್ಳು ನುಡಿದಿದ್ದಾಳೆ, ಆದರೆ ಬುದ್ಧಿಪೂರ್ವಕವಾಗಿ, ದುರುದ್ದೇಶದಿಂದ ಅಲ್ಲ! ನ್ಯಾಯಪೀಠವು ಅದನ್ನು ಅಂಗೀಕರಿಸಲಿಲ್ಲ. ಅಪರಾಧಿ ಎನ್ನಿ, ಇಲ್ಲವೆ ನಿರಪರಾಧಿ ಎನ್ನಿ, ನಡುದಾರಿಯಿಲ್ಲ ಎಂದಿತು. ಜ್ಯೂರಿಯವರು ಮರಳಿ ಆಲೋಚಿಸಿ ಅಪರಾಧಿ ಎಂದರು. ಕ್ಯಾನಿಂಗಳಿಗೆ ಒಂದು ತಿಂಗಳ ಸೆರೆಮನೆಯೂ ಏಳು ವರ್ಷಗಳ ಗಡೀಪಾರೂ ಆಯಿತು. ಅಮೆರಿಕದ ಕನೆಕ್ಟಿಕಟ್‌ನಲ್ಲಿ ಮದುವೆಯಾಗಿ ಬಾಳಿ 1773ರಲ್ಲಿ ಅವಳು ತೀರಿಕೊಂಡಳು. ಆ 28 ದಿನ ಅವಳು ನಿಜವಾಗಿ ಎಲ್ಲಿದ್ದಳೆಂಬುದು ಇಂದಿಗೂ ಇತ್ಯರ್ಥವಾಗಿಲ್ಲ.

ಆ ಜ್ಯೂರಿಯವರ ಮೊದಲ ಮಾತಿನಲ್ಲಿ ಕಾನೂನಿನ ಅಚ್ಚುಕಟ್ಟುತನ ಇರಲಿಲ್ಲ, ನಿಜ. ಆದರೆ ಸಾಮಾನ್ಯ ಮನುಷ್ಯನ ನೀತಿವಿವೇಕ ಅಲ್ಲಿ ಕಣ್ಣುತೆರೆದಿತ್ತು. ಮಾತು ನಿಜಕ್ಕೆ ಹೊಂದುವುದಿಲ್ಲವೆಂಬುದು ಒಂದು ಸಂಗತಿ. ಆಡಿದವನ ಮನಸ್ಸು ವಂಚಿಸಬಯಸಿತೆಂಬುದು ಇನ್ನೊಂದು ಸಂಗತಿ. ಮೊದಲನೆಯದು ತಪ್ಪು, ಎರಡನೆಯದು ಸುಳ್ಳು. ತಪ್ಪಿಗೆ ತಿದ್ದುಪಡಿ ಸಾಕು. ಸುಳ್ಳಿಗೆ ಪ್ರಾಯಶ್ಚಿತ್ತ ಬೇಕು. ಈ ಭೇದವನ್ನು ನಾವೆಲ್ಲರೂ ಬಲ್ಲೆವು. ಆದರೆ ಇವೆರಡರ ನಡುವೆ ಮೂರನೆಯದೊಂದಿದೆ. ಅದನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ತಿಳಿಯದುದನ್ನು ತಿಳಿದವನಂತೆ ನುಡಿಯುವುದೇ ಅದು.

ನಮ್ಮ ದೇಶದ ದಂಡಸಂಹಿತೆಯು ಈ ಮೂರನೆಯದನ್ನು ಆಶ್ಚರ್ಯಕರವಾದ ಸೂಕ್ಷ್ಮತೆಯಿಂದ ಹಿಡಿದಿದೆ. 1860ರ ಭಾರತೀಯ ದಂಡಸಂಹಿತೆಯ 191ನೆಯ ಕಲಮಿನಲ್ಲಿದ್ದು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 227ನೆಯ ಕಲಮಿಗೆ ಇಳಿದುಬಂದಿರುವ ಎರಡು ದೃಷ್ಟಾಂತಗಳನ್ನು ನೋಡಿರಿ. ಒಬ್ಬನ ಕೈಬರಹದ ರೀತಿಯನ್ನು ಬಲ್ಲ ಸಾಕ್ಷಿಯು, ಒಂದು ಸಹಿ ಅವನದೇ ಎಂದು ತಾನು ನಂಬಿರುವುದಾಗಿ ಪ್ರಾಮಾಣಿಕವಾಗಿ ಹೇಳುತ್ತಾನೆ. ಸಹಿ ಬೇರೆಯವನದಾಗಿದ್ದರೂ ಅವನು ಸುಳ್ಳುಸಾಕ್ಷಿ ನುಡಿದಂತಲ್ಲ. ಇನ್ನೊಬ್ಬನು, ಇಂಥವನು ಇಂಥ ದಿನ ಇಂಥ ಸ್ಥಳದಲ್ಲಿದ್ದನೆಂಬುದನ್ನು ತಾನು ಬಲ್ಲೆನೆಂದು ಹೇಳುತ್ತಾನೆ. ಆದರೆ ಅದರ ವಿಷಯ ಅವನಿಗೆ ಏನೂ ಗೊತ್ತಿಲ್ಲ. ಅವನು ಹೇಳಿದ ವ್ಯಕ್ತಿ ಆ ದಿನ ಅಲ್ಲಿದ್ದರೂ ಸರಿಯೆ, ಇಲ್ಲದಿದ್ದರೂ ಸರಿಯೆ, ಈ ಎರಡನೆಯವನು ಸುಳ್ಳುಸಾಕ್ಷಿಯೇ. ಸಹೃದಯರು ಇದನ್ನು ಇನ್ನೊಮ್ಮೆ ಮನನ ಮಾಡಬೇಕು. ಮಾತು ನಿಜಕ್ಕೆ ಹೊಂದಿದಾಗಲೂ ಸುಳ್ಳಾಗಬಲ್ಲದು! ಏಕೆಂದರೆ ಪ್ರಮಾಣ ಮಾಡುವವನು ಲೋಕದಲ್ಲಿ ನಡೆದುದಕ್ಕೆ ಮಾತ್ರ ಹೊಣೆಯಾಗುವುದಿಲ್ಲ. ತನ್ನ ತಿಳಿವಿನ ಮೇರೆ ಎಲ್ಲಿಗೆ ಮುಗಿಯುತ್ತದೆಂಬುದಕ್ಕೂ ಹೊಣೆಯಾಗುತ್ತಾನೆ.

ಇದನ್ನು ನಾನು ಪರೋಪದೇಶಕ್ಕಾಗಿ ಬರೆಯುತ್ತಿಲ್ಲ. ಬಹಳ ವರ್ಷಗಳ ಹಿಂದೆ, ಮಠದ ಪ್ರಸಾದ ನಿಲಯದಲ್ಲಿದ್ದು ಓದು ಮುಗಿಸಿ ಒಂದು ಹಳ್ಳಿಯಲ್ಲಿ ಮಾಸ್ತರನಾಗಿದ್ದಾಗ, ಕಳವಾದ ಹಿತ್ತಾಳೆ ಪಾತ್ರೆಗಳು ಸಿಕ್ಕವೆಂದು ನನ್ನನ್ನು ಪಂಚನಾಗಿ ಕರೆದೊಯ್ದರು. ಒಂದು ಗುಡಿಸಲಿನಲ್ಲಿ ಕೊಡ, ತಪ್ಪಲೆಗಳನ್ನು ತೋರಿಸಿದರು, ಪಂಚನಾಮೆ ಬರೆದರು, ನಾನು ಸಹಿ ಹಾಕಿದೆ. ಅದೆಲ್ಲ ನಿಜವಾಗಿ ನಡೆದದ್ದೇ. ಎರಡು ವರ್ಷಗಳ ಮೇಲೆ ಕೋರ್ಟಿನಿಂದ ಕರೆ ಬಂದಿತು. ಅಷ್ಟರಲ್ಲಿ ದಿನವೂ ವಾರವೂ ನನ್ನ ಮನಸ್ಸಿನಿಂದ ಸಂಪೂರ್ಣವಾಗಿ ಅಳಿಸಿಹೋಗಿದ್ದವು. ಒಳಗೆ ಹೋಗುವ ಮುನ್ನ ಪಡಸಾಲೆಯಲ್ಲಿ ಒಬ್ಬ ಪೇದೆ ಕಾಗದವನ್ನು ನನ್ನ ಕಣ್ಣಿಗೆ ಹಿಡಿದ. ಸಾಕ್ಷಿಕಟ್ಟೆಯಲ್ಲಿ ವಕೀಲರು "ದಿನ ನಿಮಗೆ ನೆನಪಿದೆಯೆ?" ಎಂದು ಕೇಳಿದಾಗ ನಾನು, "ಇದೆ, ಸೋಮವಾರ, ಬೆಳಗಿನ ಹೊತ್ತು" ಎಂದು ತಾರೀಖಿನೊಡನೆ ಒಪ್ಪಿಸಿದೆ. ಮಾಸ್ತರನಾದವನು ಮರೆತೆನೆನ್ನುವುದು ಅವಮಾನವೆಂದು ತೋರಿತ್ತು. ನನ್ನ ಉತ್ತರ ಪಂಚನಾಮೆಗೆ ಅಕ್ಷರಶಃ ಹೊಂದಿತು. ಆರೋಪಿಗೆ ಶಿಕ್ಷೆಯಾಯಿತು. "ಮಾಸ್ತರರ ಸಾಕ್ಷಿ ಗಟ್ಟಿ" ಎಂದು ಊರಿನವರು ಮೆಚ್ಚಿಕೊಂಡರು, ನಾನೂ ಮೆಚ್ಚಿಕೊಂಡೆ.

ಮುಂದೊಂದು ದಿನ ಮೇಲಿನ ದೃಷ್ಟಾಂತವನ್ನು ಓದಿದಾಗ ನನ್ನ ಮೆಚ್ಚಿಕೆ ಉಡುಗಿತು. ಆ ಮನುಷ್ಯ ಕಳ್ಳನಾಗಿದ್ದಿರಬಹುದು. ತಾರೀಖು ಸರಿಯಾಗಿಯೇ ಇದ್ದಿರಬಹುದು. ಆದರೆ "ನೆನಪಿದೆ" ಎಂಬ ನನ್ನ ಮಾತು ಸುಳ್ಳು. ಕಾಗದದಲ್ಲಿ ದಿನವನ್ನು ತಪ್ಪಾಗಿ ಬರೆದಿದ್ದರೂ ನಾನು ಅಷ್ಟೇ ಧೈರ್ಯದಿಂದ ಆ ತಪ್ಪನ್ನೇ ಒಪ್ಪಿಸುತ್ತಿದ್ದೆ. ಅಂದರೆ ನನ್ನ ಸಾಕ್ಷ್ಯದಲ್ಲಿ ನಾನು ಇರಲೇ ಇಲ್ಲ. ಕಾಗದವೇ ಎರಡು ಸಲ ಮಾತನಾಡಿತ್ತು, ಎರಡನೆಯ ಸಲ ನನ್ನ ನಾಲಗೆಯಿಂದ. ಓಲ್ಡ್ ಬೇಲಿಯ ಆ ಅನಕ್ಷರಸ್ಥ ಮುದುಕಿ ತಪ್ಪು ತಾರೀಖು ಹೇಳಿಯೂ ಸತ್ಯವನ್ನೇ ನುಡಿದಳು. ಓದುಬರಹ ಬಲ್ಲ ನಾನು ಸರಿಯಾದ ತಾರೀಖು ಹೇಳಿಯೂ ಸುಳ್ಳು ನುಡಿದೆ.

ಪ್ರಾಮಾಣಿಕನಿಗೆ ಕಾನೂನು ದಾರಿ ತೋರಿಸದೆ ಇಲ್ಲ. ಘಟನೆ ನಡೆದಾಗ ಅಥವಾ ಅದು ಮನಸ್ಸಿನಲ್ಲಿ ಹಸಿಯಾಗಿರುವಾಗಲೇ ತಾನು ಬರೆದ ಬರಹವನ್ನು ಸಾಕ್ಷಿಯು ನ್ಯಾಯಾಲಯದಲ್ಲಿ ನೋಡಿ ನೆನಪನ್ನು ಚೇತರಿಸಿಕೊಳ್ಳಬಹುದೆಂದು 1872ರ ಸಾಕ್ಷ್ಯ ಅಧಿನಿಯಮವು ಹೇಳಿತ್ತು. ಅದರ ಸ್ಥಾನಕ್ಕೆ ಬಂದ 2023ರ ಭಾರತೀಯ ಸಾಕ್ಷ್ಯ ಅಧಿನಿಯಮವೂ ಹೇಳುತ್ತದೆ. ಇನ್ನೊಬ್ಬರು ಬರೆದುದಾದರೂ ಆಗಲೇ ಓದಿ ಸರಿಯೆಂದು ಕಂಡಿದ್ದರೆ ಅದನ್ನೂ ನೋಡಬಹುದು. ಆದರೆ ಆ ಬರಹವನ್ನು ಎದುರುಪಕ್ಷದವರಿಗೂ ತೋರಿಸಬೇಕು. ಅದರ ಮೇಲೆ ಅವರು ಪಾಟೀಸವಾಲು ಮಾಡಬಹುದು. ಎಷ್ಟು ನ್ಯಾಯವಾದ ಏರ್ಪಾಡು! "ನನಗೆ ನೆನಪಿಲ್ಲ, ಕಾಗದ ನೋಡಿ ಹೇಳುತ್ತೇನೆ" ಎಂಬ ಮಾತಿನಲ್ಲಿ ಅವಮಾನವೇನೂ ಇಲ್ಲವೆಂದು ಕಾನೂನೇ ಒಪ್ಪಿರುವಾಗ, ಪಡಸಾಲೆಯಲ್ಲಿ ಕದ್ದು ಓದಿ ಒಳಗೆ ನೆನಪಿನ ವೇಷ ಹಾಕುವುದೇಕೆ? ಆಬಟ್ಸ್‌ಬರಿಯ ಗಿಬ್ಬನ್ಸನ ಮಾತಿನ ಬಲ ಇದ್ದದ್ದು ಇಲ್ಲಿಯೇ. ಅವನು ದಿನವನ್ನು ಹೇಳಿದ್ದಷ್ಟೇ ಅಲ್ಲ, ಆ ದಿನ ತನಗೆ ಹೇಗೆ ತಿಳಿಯಿತೆಂಬುದನ್ನೂ ಹೇಳಿದ.

ಕಳವಿನ ಮಾಲಿನ ಮೊಕದ್ದಮೆಗಳಲ್ಲಿ ದಿನಕ್ಕೆ ಇಷ್ಟು ಮಹತ್ವವೇಕೆ ಎಂದು ಕೆಲವರು ಕೇಳಬಹುದು. ಕಳವಾದ ಸ್ವಲ್ಪ ಕಾಲದಲ್ಲಿಯೇ ಆ ಮಾಲು ಒಬ್ಬನ ವಶದಲ್ಲಿ ಸಿಕ್ಕು, ಅದು ತನ್ನಲ್ಲಿಗೆ ಹೇಗೆ ಬಂದಿತೆಂದು ಅವನು ವಿವರಿಸಲಾಗದಿದ್ದರೆ, ಅವನೇ ಕಳ್ಳ, ಇಲ್ಲವೆ ಕಳವಿನದೆಂದು ತಿಳಿದು ತೆಗೆದುಕೊಂಡವನು ಎಂದು ನ್ಯಾಯಾಲಯವು ಊಹಿಸಬಹುದು. ಈ ಊಹೆಯ ಭಾರವೆಲ್ಲ "ಸ್ವಲ್ಪ ಕಾಲ" ಎಂಬ ಮಾತಿನ ಮೇಲಿದೆ. ನಾಲ್ಕು ದಿನದ ಮೇಲೆ ಸಿಕ್ಕ ಕೊಡಕ್ಕೂ ನಾಲ್ಕು ತಿಂಗಳ ಮೇಲೆ ಸಿಕ್ಕ ಕೊಡಕ್ಕೂ ಅಜಗಜಾಂತರ. ಅಷ್ಟರಲ್ಲಿ ಅದು ಸಂತೆಯಲ್ಲಿ ಮೂರು ಕೈ ಬದಲಾಗಿರಬಹುದು, ಕೊಂಡವನು ಏನೂ ಅರಿಯದವನಿರಬಹುದು. ಪಂಚನಾಮೆಯ ಮೇಲಣ ಒಂದು ತಾರೀಖು ಈ ಎರಡರ ನಡುವಣ ಗೋಡೆ. ಆದುದರಿಂದ ಬರೆಯದ ಕಾಗದಕ್ಕೆ ಸಹಿ ಹಾಕುವವನೂ, ಇಂದು ಕಂಡುದಕ್ಕೆ ನಿನ್ನೆಯ ತಾರೀಖು ಹಾಕಿದಾಗ ಸುಮ್ಮನಿರುವವನೂ, ದೊಡ್ಡವರು ಹೇಳಿದರೆಂದು ಠಾಣೆಯಲ್ಲೇ ಕುಳಿತು ಸ್ಥಳ ಕಂಡೆನೆನ್ನುವವನೂ ತಾವು ಮಾಡಿದ್ದು ಬರಿಯ ಉಪಕಾರವೆಂದು ತಿಳಿಯಬಾರದು.

ಸಾಕ್ಷಿಗೆ ಇಷ್ಟು ಹೊಣೆಯಿದ್ದರೆ ಕೇಳುವವನಿಗೂ ಅಷ್ಟೇ ಹೊಣೆಯಿದೆ. ದಿನ ತಪ್ಪಿದ ಸಾಕ್ಷಿಯನ್ನು ಒಡನೆ ಸುಳ್ಳುಗಾರನೆಂದು ಜರೆಯುವ ಲೋಕದಲ್ಲಿ ಯಾರು ತಾನೆ "ನೆನಪಿಲ್ಲ" ಎನ್ನುವ ಧೈರ್ಯ ಮಾಡಿಯಾರು? ತಡವರಿಕೆಯನ್ನು ಶಿಕ್ಷಿಸಿದರೆ ಬಾಯಿಪಾಠ ಬೆಳೆಯುತ್ತದೆ. 1983ರಲ್ಲಿ ಗುಜರಾತಿನ ಒಂದು ಮೊಕದ್ದಮೆಯ ತೀರ್ಪಿನಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು ಇದನ್ನು ಬಹು ಮಾನವೀಯವಾಗಿ ವಿವರಿಸಿದೆ. ಸಾಕ್ಷಿಯ ನೆನಪು ಛಾಯಾಚಿತ್ರದಂಥದಲ್ಲ. ಕಾಲದ ವಿಷಯದಲ್ಲಿ ಜನರು ಸಾಮಾನ್ಯವಾಗಿ ಅಂದಾಜಿನಿಂದ ಹೇಳುತ್ತಾರೆ. ನ್ಯಾಯಾಲಯದ ವಾತಾವರಣಕ್ಕೂ ಪಾಟೀಸವಾಲಿಗೂ ಬೆದರಿ ಗೊಂದಲಗೊಳ್ಳುತ್ತಾರೆ. ಆದುದರಿಂದ ಮೂಲವನ್ನು ಅಲುಗಿಸದ ಸಣ್ಣ ವ್ಯತ್ಯಾಸಗಳಿಗೆ ಅತಿಯಾದ ಮಹತ್ವ ಸಲ್ಲದು ಎಂಬುದು ಅದರ ಆಶಯ. ಒಂದು ಮಾತು ಸುಳ್ಳಾದರೆ ಎಲ್ಲವೂ ಸುಳ್ಳೆಂಬ ಹಳೆಯ ಲ್ಯಾಟಿನ್ ಸೂತ್ರವನ್ನೂ ನಮ್ಮ ನ್ಯಾಯಾಲಯಗಳು ನಿಯಮವಾಗಿ ಅಂಗೀಕರಿಸಿಲ್ಲ. ಹೊಟ್ಟಿನಿಂದ ಕಾಳನ್ನು ಬೇರ್ಪಡಿಸುವುದು ನ್ಯಾಯಾಧೀಶನ ಕೆಲಸ.

ಇಲ್ಲೊಂದು ಆಕ್ಷೇಪ ಏಳುವುದು ಸಹಜ. ತಪ್ಪುಗಳನ್ನೆಲ್ಲ ಹೀಗೆ ಮನ್ನಿಸುತ್ತ ಹೋದರೆ ಸುಳ್ಳುಗಾರನೂ "ದಿನ ಮರೆಯಿತು" ಎಂಬ ಮರೆಯಲ್ಲಿ ಅಡಗುವುದಿಲ್ಲವೆ? ಖಂಡಿತ ಅಡಗಬಹುದು. ಅದಕ್ಕಾಗಿಯೇ ತಪ್ಪನ್ನು ಮನ್ನಿಸುವುದೂ ತಪ್ಪಿನ ಕಾರಣವನ್ನು ಹುಡುಕುವುದೂ ಬೇರೆಬೇರೆಯೆಂಬುದನ್ನು ಮರೆಯಬಾರದು. ಸ್ಕ್ವೈರ್ಸಳ ಮೊಕದ್ದಮೆಯಲ್ಲಿ ದಿನವೆಂಬುದು ಸಣ್ಣ ವ್ಯತ್ಯಾಸವಾಗಿರಲಿಲ್ಲ; ಇಡೀ ಮೊಕದ್ದಮೆ ಅದರ ಮೇಲೆಯೇ ನಿಂತಿತ್ತು. ಅ‌ಲ್ಲಿ ಅವಳ ಮಾತನ್ನು ಕನಿಕರದಿಂದ ಒಪ್ಪಿಕೊಳ್ಳಬೇಕಾಗಿರಲಿಲ್ಲ, "ನೀನು ಹೇಳುವ ಹೊಸವರ್ಷ ಯಾವುದು?" ಎಂದು ಒಂದೇ ಒಂದು ಪ್ರಶ್ನೆಯನ್ನು ಕೇಳಬೇಕಾಗಿತ್ತು. ಪ್ರಾಮಾಣಿಕವಾದ ತಪ್ಪಿಗೆ ಒಂದು ಆಕಾರವಿರುತ್ತದೆ. ಅದರ ಬೇರನ್ನು ಹಿಡಿದರೆ ಅದು ತಾನಾಗಿ ನೇರವಾಗುತ್ತದೆ, ಉಳಿದ ಸಂಗತಿಗಳೊಡನೆ ಕೂಡಿಕೊಳ್ಳುತ್ತದೆ. ಸುಳ್ಳಿನ ಬೇರನ್ನು ಹಿಡಿದರೆ ಇನ್ನೊಂದು ಸುಳ್ಳು ಸಿಗುತ್ತದೆ.

ಕೊನೆಯದಾಗಿ ಇನ್ನೊಂದು ಎಚ್ಚರಿಕೆ. ಆ ಹುಡುಗಿಯ ಹೇಳಿಕೆಯನ್ನು ಬರೆದುಕೊಂಡ ದಂಡಾಧಿಕಾರಿ ಸಾಮಾನ್ಯನಲ್ಲ, ಹೆಸರಾಂತ ಕಾದಂಬರಿಕಾರ ಹೆನ್ರಿ ಫೀಲ್ಡಿಂಗ್. ಮನುಷ್ಯಸ್ವಭಾವವನ್ನು ಅರೆದು ಕುಡಿದವನು. ಅವನು ಅವಳ ಮುಗ್ಧ ಮುಖವನ್ನು ನೋಡಿ ನಂಬಿದ. ಅವಳ ಪರವಾಗಿ ಪುಸ್ತಿಕೆ ಬರೆದ. ತಡವರಿಸಿದ ವರ್ಚ್ಯೂ ಹಾಲಳನ್ನು ಸೆರೆಮನೆಗೆ ಕಳಿಸುವೆನೆಂದು ಹೆದರಿಸಿದ. ಆಗ ಅವಳು ಅವನು ನಿರೀಕ್ಷಿಸಿದ್ದನ್ನೇ ನುಡಿದಳು. ದಿಟ್ಟತನವನ್ನು ಸತ್ಯದ ಲಕ್ಷಣವೆಂದೂ ತಡವರಿಕೆಯನ್ನು ಸುಳ್ಳಿನ ಲಕ್ಷಣವೆಂದೂ ತಿಳಿಯುವ ಅಪಾಯ ಅಂಥ ಮೇಧಾವಿಯನ್ನೇ ಬಿಡಲಿಲ್ಲವೆಂದ ಮೇಲೆ ನಮ್ಮ ಪಾಡೇನು? ಕಟಕಟೆಯಲ್ಲಿ ನಿಂತವಳು ಊರುಕೇರಿಯಿಲ್ಲದ ಅಲೆಮಾರಿಯಾಗಿದ್ದಳೆಂಬುದನ್ನೂ ಮರೆಯಬಾರದು. ಅವಳ ಜನಾಂಗದ ಮೂಲಭಾಷೆ ನಮ್ಮ ಭರತಖಂಡದ್ದೆಂದು ವಿದ್ವಾಂಸರು ಕಂಡುಕೊಂಡದ್ದು ಕೂಡ ಮೂರು ದಶಕಗಳ ಅನಂತರ. ಅಂದಿನ ಜನರು ಅವರನ್ನು ಈಜಿಪ್ಟಿನವರೆಂದು ತಿಳಿದು ಆ ಹೆಸರಿನಿಂದಲೇ ಕರೆಯುತ್ತಿದ್ದರು. ಹುಟ್ಟಿನಿಂದ ಕಳ್ಳಿಯೆಂದು ಮೊದಲೇ ತೀರ್ಮಾನಿಸಿದವರಿಗೆ ಅವಳ ಹನ್ನೊಂದು ದಿನಗಳ ತಪ್ಪು ಒಂದು ನೆಪವಾಗಿ ಒದಗಿತು. ನಮ್ಮ ಊರಿಗೆ ಬರುವ ಅಲೆಮಾರಿಗಳನ್ನು ನೋಡುವ ನಮ್ಮ ಕಣ್ಣು ಬೇರೆಯದಾಗಿದೆಯೆ ಎಂದು ನಾವು ನಾವೇ ಕೇಳಿಕೊಳ್ಳಬೇಕು.

ಬಂಧುಗಳೆ, ನಾಳೆ ತಮ್ಮನ್ನು ಯಾರಾದರೂ ಪಂಚರಾಗಿ ಕರೆಯಬಹುದು. ಹಿರಿಯರೆಂದು, ತಿಳಿದವರೆಂದು, ಮಠದಲ್ಲಿ ಓದಿದವರೆಂದು ಕರೆಯಬಹುದು. ಹಿಂದೆಗೆಯದೆ ಹೋಗಿರಿ. ಕಂಡುದನ್ನು ಅಂದೇ ತಮ್ಮ ಕೈಯಿಂದ ಬರೆದಿಟ್ಟುಕೊಳ್ಳಿರಿ. ಎಂದೋ ಒಂದು ದಿನ ಸಾಕ್ಷಿಕಟ್ಟೆಯಲ್ಲಿ ನಿಂತಾಗ, ನೆನಪಿರುವುದನ್ನು ನೆನಪಿದೆಯೆನ್ನಿರಿ, ಅಂದಾಜನ್ನು ಅಂದಾಜೆನ್ನಿರಿ, ಮರೆತುದನ್ನು ಮರೆತೆನೆನ್ನಿರಿ. ಜನರು "ಈ ಸಾಕ್ಷಿ ಮೆತ್ತಗೆ" ಎಂದರೆ ಅನ್ನಲಿ. ನನ್ನ ಸಾಕ್ಷಿಯನ್ನು ಗಟ್ಟಿಯೆಂದು ಹೊಗಳಿದ ಆ ದಿನವನ್ನು ನಾನಿನ್ನೂ ಮರೆತಿಲ್ಲ. ತಾರೀಖು ಮಾತ್ರ ನೆನಪಿಲ್ಲ.